ಗೋಡೆ ಹತ್ತಿದ ಗಂಡಸು

ಆ ವೀಡಿಯೊ ನೋಡಿ ನಮ್ಮ ಮನೆಯಲ್ಲಿ ಮೊದಲು ನಕ್ಕವಳು ನಾನೇ. ಸುಳ್ಳು ಹೇಳಿ ಏನು ಬಂತು? ಹೊಟ್ಟೆ ಹಿಡಿದುಕೊಂಡು ನಕ್ಕೆ.

ನನ್ನ ಗಂಡನದು ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ನೋಡುವ ಕೆಲಸ. ದಿನಕ್ಕೆ ನೂರು ಮನೆ, ನೂರು ಗೇಟು. ಮೀಟರಿನ ಅಂಕಿಯನ್ನು ಕೈಯಲ್ಲಿರುವ ಯಂತ್ರಕ್ಕೆ ಒತ್ತಬೇಕು, ಅದು ಉಗುಳುವ ಚೀಟಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಬೇಕು, ಮುಂದಿನ ಗೇಟಿಗೆ ನಡೆಯಬೇಕು. ನಾಯಿ ಎಂದರೆ ಅವರಿಗೆ ಚಿಕ್ಕಂದಿನಿಂದ ಜೀವಭಯ. ಇದು ಗೊತ್ತಿದ್ದದ್ದು ನನಗೊಬ್ಬಳಿಗೆ. ದಪ್ಪ ಮೀಸೆ, ಆರಡಿ ಎತ್ತರ, ಗಡಸು ದನಿ. ಆ ಆಳು ನಾಯಿಮರಿ ಕಂಡರೂ ರಸ್ತೆ ದಾಟುತ್ತದೆ ಎಂದರೆ ಯಾರು ನಂಬುತ್ತಾರೆ?

ಆ ಶುಕ್ರವಾರ ಊರೆಲ್ಲ ನಂಬಿತು. ಯಾವುದೋ ಮನೆಯ ಬಾಗಿಲ ಮೇಲಿನ ಕ್ಯಾಮೆರಾದಲ್ಲಿ ತೆಗೆದ ಹತ್ತೊಂಬತ್ತು ಸೆಕೆಂಡಿನ ವೀಡಿಯೊ. ಕಂದು ಬಣ್ಣದ ದಢೂತಿ ನಾಯಿಯೊಂದು ಓಡಿಬರುತ್ತದೆ. ನನ್ನ ಗಂಡ ಯಂತ್ರ ಎಸೆದು, "ಅಮ್ಮಾ!" ಎಂದು ಕಿರುಚಿ, ಕಾಂಪೌಂಡ್ ಗೋಡೆ ಹತ್ತಿ ಕೂರುತ್ತಾರೆ. ಮುಗಿಯಿತು. ಕೆಳಗೆ 'ಗೋಡೆ ಹತ್ತಿದ ಗಂಡಸು' ಎಂದು ಬರೆದು ನಗುವ ಮುಖಗಳ ಸಾಲು. ಆ ನಾಯಿಯ ಹೆಸರು ಗುಂಡ. ಅದರ ಹೆಸರಿನಲ್ಲೇ ಒಂದು ಪುಟವಿದೆ, ನಲವತ್ತು ಸಾವಿರ ಜನ ಅದರ ಹಿಂಬಾಲಕರು. ಸಂಜೆಯೊಳಗೆ ಅವರೆಲ್ಲ ಒಂದೊಂದು ಮಾತು ಹಾಕಿದ್ದರು. 'ಮೀಸೆ ಬೋಳಿಸ್ಕೊಳ್ಳಪ್ಪಾ.' 'ಕೈಗೆ ಬಳೆ ತೊಡಿಸಿ.' 'ಪಾಪ ಗುಂಡ, ಆಟಕ್ಕೆ ಕರೀತಿದಾನೆ ಅಷ್ಟೆ.'

ನಾನು ಅದನ್ನು ನಮ್ಮ ಅಕ್ಕತಂಗಿಯರ ಗುಂಪಿಗೆ ಕಳಿಸಿದೆ. 'ನಮ್ಮನೆ ಹುಲಿ' ಎಂದು ಬರೆದು ಕಳಿಸಿದೆ.

ಅವರು ಕೆಲಸ ಮುಗಿಸಿ ಬಂದಾಗ ಫೋನು ಇನ್ನೂ ನನ್ನ ಕೈಯಲ್ಲೇ ಇತ್ತು. "ಬಂದ್ರಾ ಧೀರರು! ಗೋಡೆ ಇಳಿಯೋಕೆ ಏಣಿ ತಂದುಕೊಟ್ರಾ ಯಾರಾದ್ರೂ?" ಎಂದೆ. ಏನೋ ಹೇಳಲು ಬಾಯಿ ತೆರೆದಿದ್ದವರು ಮುಚ್ಚಿಕೊಂಡರು. ಆಮೇಲೆ ಅವರೂ ನಕ್ಕರು. ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಊಟಕ್ಕೆ ಕೂತಾಗ ಅವರು ಹೇಳಿದ್ದು ಒಂದೇ ಮಾತು. "ನನ್ನ ಮುಖ ಹಾಕೋಕೆ ಮುಂಚೆ ಒಂದ್ಮಾತು ಕೇಳ್ಬಹುದಿತ್ತು."

"ಅವರ ಮನೆ, ಅವರ ಕ್ಯಾಮೆರಾ. ನೀವೇನು ಸಿನಿಮಾದವರಾ, ಕಾಗದಕ್ಕೆ ಸಹಿ ಹಾಕಿಸ್ಕೊಂಡು ಹಾಕೋಕೆ? ಸ್ವಲ್ಪ ತಮಾಷೆ ತಡ್ಕೊಳ್ಳಿ," ಎಂದೆ. ಆಗ ನನ್ನ ಅಭಿಪ್ರಾಯ ಅದೇ ಆಗಿತ್ತು. ಮುಖ ಎಂಬುದು ಬೀದಿಯಲ್ಲಿ ಎಲ್ಲರೂ ನೋಡುವ ವಸ್ತು, ಅದನ್ನು ಮುಚ್ಚಿಡುವುದೇನು ಎಂದು.

ಮರುದಿನದಿಂದ ಆಫೀಸಿನಲ್ಲಿ ಅವರ ಹೆಸರು ಗೋಡೆ ಸಾಹೇಬರು. ನನ್ನ ತಮ್ಮ ಫೋನು ಮಾಡಿದವನೇ "ಭಾವಾ, ಬೌ ಬೌ!" ಎಂದ. ಎಲ್ಲದಕ್ಕೂ ಅವರು ನಗುತ್ತಿದ್ದರು. ನಾನು, ಸದ್ಯ, ಮನಸ್ಸಿಗೆ ಹಚ್ಚಿಕೊಂಡಿಲ್ಲ ಎಂದುಕೊಂಡೆ.

ಒಂಬತ್ತನೆಯ ದಿನ ಭಾನುವಾರ. ಬೆಳಿಗ್ಗೆ ಬಟ್ಟೆ ಒಗೆಯಲು ಅವರ ಸಮವಸ್ತ್ರದ ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ತಿರುವಿದೆ. ಹನ್ನೊಂದು ವರ್ಷದಿಂದ ನಾನು ಟೈಲರ್ ಅಂಗಡಿಯಲ್ಲಿ ಹಳೆ ಬಟ್ಟೆ ಸರಿಮಾಡುವವಳು. ಹೊಲಿಗೆ ನೋಡಿದರೆ ಹೊಲಿದ ಕೈ ಯಾರದೆಂದು ಹೇಳುತ್ತೇನೆ. ಎಡಗಾಲಿನಲ್ಲಿ, ಮೀನಖಂಡದ ಎತ್ತರಕ್ಕೆ, ನಾಲ್ಕು ಪುಟ್ಟ ತೂತುಗಳನ್ನು ಯಾರೋ ನೀಲಿ ದಾರದಲ್ಲಿ ಎಳೆದು ಕಟ್ಟಿದ್ದರು. ಬೂದು ಬಟ್ಟೆಗೆ ನೀಲಿ ದಾರ. ಗಂಟು ಹಾಕಲೂ ಬಾರದ ಕೈ. ಮನೆಯಲ್ಲಿ ಟೈಲರ್ ಹೆಂಡತಿ ಇರುವಾಗ ಈ ಮನುಷ್ಯ ಕದ್ದು ಕೂತು ಪ್ಯಾಂಟು ಹೊಲಿದುಕೊಂಡಿದ್ದಾರೆ.

ಪ್ಯಾಂಟು ಹಿಡಿದುಕೊಂಡೇ ಒಳಗೆ ಓಡಿದೆ.

"ಕಾಲು ತೋರಿಸ್ರಿ."

"ಯಾಕೆ?"

"ತೋರಿಸಿ ಅಂದ್ನಲ್ಲ!"

ಎರಡು ಗಾಯ ಒಣಗಿ ಕಪ್ಪಾಗಿದ್ದವು. ಮೂರನೆಯದರ ಸುತ್ತ ಇನ್ನೂ ಕೆಂಪಗೆ ಬಾತುಕೊಂಡಿತ್ತು. ನಾಲ್ಕನೆಯದು ಆಳದ್ದು.

"ವೀಡಿಯೊದಲ್ಲಿ ಕಚ್ಚೋದು ಇಲ್ವಲ್ಲ?"

"ಅದು ಆಮೇಲೆ ಆಗಿದ್ದು. ನಾಯಿ ಅತ್ತ ಹೋಯ್ತು ಅಂತ ಯಂತ್ರ ಎತ್ಕೊಳ್ಳೋಕೆ ಇಳಿದೆ. ಹಿಂದಿನಿಂದ ಬಂದು ಹಿಡೀತು. ಆ ಮನೆಯವರು ಅಷ್ಟನ್ನ ಕತ್ತರಿಸಿ ಹಾಕಿದಾರೆ."

"ಒಂಬತ್ತು ದಿನ! ಬಾಯಲ್ಲೇನು ಕಡುಬು ಇತ್ತಾ ನಿಮಗೆ?"

ಅವರು ಪ್ಯಾಂಟಿನ ತೂತುಗಳನ್ನು ನೋಡುತ್ತಾ ಹೇಳಿದರು. "ಹೇಳೋಣ ಅಂತಲೇ ಬಂದೆ ಕಣೆ. ನೀವೆಲ್ಲ ನಗ್ತಾ ಇದ್ರಿ."

ಆಸ್ಪತ್ರೆಗೆ ಫೋನು ಮಾಡಿದೆ. ನರ್ಸು ದಿನ ಎಣಿಸಿದಳು. ತಕ್ಷಣ ಬಂದು ಇಂಜೆಕ್ಷನ್ ಶುರು ಮಾಡಿಸಿ ಎಂದಳು. ಮತ್ತೆ, "ಆ ನಾಯಿ ಬದುಕಿದ್ಯಾ ನೋಡಿ. ಕಚ್ಚಿದ ಹತ್ತು ದಿನ ಆದ್ಮೇಲೂ ಅದು ಗಟ್ಟಿಮುಟ್ಟಾಗಿದ್ರೆ ಭಯ ಇಲ್ಲ. ಸತ್ತಿದ್ರೆ ಮಾತ್ರ..." ಎಂದು ಅಲ್ಲಿಗೇ ನಿಲ್ಲಿಸಿದಳು.

ನನ್ನ ಗಂಡ ಆಗಲೇ ಫೋನು ತೆರೆದು ಮುಂದೆ ಹಿಡಿದಿದ್ದರು. "ನೋಡು, ಗುಂಡ ಚೆನ್ನಾಗೇ ಇದಾನೆ. ಇವತ್ತು ಬೆಳಿಗ್ಗೆ ಹಾಕಿರೋದು." ನಾಯಿ ಚೆಂಡಿನ ಹಿಂದೆ ಓಡುತ್ತಿತ್ತು. ನಿನ್ನೆಯದರಲ್ಲಿ ಟೋಪಿ ಹಾಕಿಕೊಂಡು ಕೂತಿತ್ತು. ಮೊನ್ನೆಯದರಲ್ಲಿ ಸೋಫಾದ ಮೇಲೆ ಅಂಗಾತ ಮಲಗಿತ್ತು. ನನ್ನ ಉಸಿರು ಸ್ವಲ್ಪ ಹಗುರವಾಯಿತು. ಆದರೂ ಕಣ್ಣಾರೆ ನೋಡದೆ ನಾನು ಬಿಡುವವಳಲ್ಲ. ಆ ಮನೆ ಆಸ್ಪತ್ರೆಯ ದಾರಿಯಲ್ಲೇ ಇತ್ತು.

ಗೇಟಿನ ಹೊರಗೇ ಅವರು ನಿಂತುಬಿಟ್ಟರು. ಹಣೆಯಲ್ಲಿ ಬೆವರು. ನಾನೊಬ್ಬಳೇ ಒಳಗೆ ಹೋಗಿ ಗಂಟೆ ಒತ್ತಿದೆ. ಬಾಗಿಲ ಮೇಲಿನ ಕ್ಯಾಮೆರಾ ನನ್ನನ್ನೇ ನೋಡುತ್ತಿತ್ತು. ಬೊಗಳುವ ಸದ್ದು ಎಲ್ಲಿಂದಲೂ ಬರಲಿಲ್ಲ.

ನಡುವಯಸ್ಸಿನ ಹೆಂಗಸೊಬ್ಬರು ಬಾಗಿಲನ್ನು ಅರ್ಧ ತೆರೆದರು. ನನ್ನ ಹಿಂದೆ ಗೇಟಿನಲ್ಲಿದ್ದವರನ್ನು ನೋಡಿ ಮುಖ ಬಿಗಿದುಕೊಂಡರು.

"ಗುಂಡನ್ನ ಒಂದ್ಸಲ ತೋರಿಸಿ," ಎಂದೆ.

"ಮಲಗಿದಾನೆ. ಈಗ ಎಬ್ಬಿಸಿದ್ರೆ ಸಿಟ್ಟು ಮಾಡ್ಕೋತಾನೆ."

"ಮಲಗಿರೋದನ್ನೇ ತೋರಿಸಿ. ನಿಮ್ಮ ಗುಂಡ ನನ್ನ ಗಂಡನ್ನ ಕಚ್ಚಿದಾನೆ."

"ಕಚ್ಚಿಲ್ಲ, ಹಲ್ಲು ತಾಗಿದೆ ಅಷ್ಟೆ. ಅವರೇ ಏನೂ ಆಗಿಲ್ಲ ಅಂದ್ರು. ಅವನು ಬೀದಿ ನಾಯಿ ಅಲ್ಲಮ್ಮ, ನಮ್ಮ ಮಗು ಇದ್ದ ಹಾಗೆ."

"ಮಗುನ್ನ ಕರೀರಿ ಹಾಗಾದ್ರೆ!" ನನ್ನ ದನಿ ನನಗೇ ಗುರುತು ಸಿಗದಷ್ಟು ಏರಿತ್ತು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು.

ಆಕೆ ಬಾಗಿಲಿಗೆ ಒರಗಿ ಅಳತೊಡಗಿದರು. "ಹೋಗ್ಬಿಟ್ಟ. ಮಂಗಳವಾರವೇ ಹೋಗ್ಬಿಟ್ಟ."

"ಇವತ್ತು ಬೆಳಿಗ್ಗೆ ಚೆಂಡು ಆಡ್ತಿದ್ನಲ್ಲ?"

"ಅದು ಹಳೇದು. ನನ್ನ ಹತ್ರ ನೂರಾರು ಇವೆ. ದಿನಾ ಒಂದು ಹಾಕ್ತಿದೀನಿ. ಅಷ್ಟು ಜನ ದಿನಾ ಅವನನ್ನ ಕೇಳ್ತಾರೆ. ಇಲ್ಲ ಅಂತ ಹ್ಯಾಗೆ ಹೇಳ್ಲಿ?"

"ಏನಾಗಿತ್ತು ಅದಕ್ಕೆ?"

"ಶನಿವಾರದಿಂದ ಏನೂ ತಿನ್ಲಿಲ್ಲ. ಜೊಲ್ಲು ಸುರಿಸ್ತಾ ಮಂಚದ ಕೆಳಗೆ ಸೇರ್ಕೊಂಡ. ನನ್ನ ಮೇಲೇ ಗುರ್ ಅಂದ, ಯಾವತ್ತೂ ಅಂದವನಲ್ಲ. ಹೊಟ್ಟೆಗೇನೋ ಆಗಿದೆ ಅಂದ್ಕೊಂಡೆ. ಹಿತ್ತಲಲ್ಲೇ ಮಣ್ಣು ಮಾಡಿದ್ವಿ."

"ಲಸಿಕೆ ಹಾಕ್ಸಿದ್ರಾ?"

"ಮನೆ ಒಳಗೇ ಇರೋನಿಗೆ ಸುಮ್ನೆ ಯಾಕೆ ಚುಚ್ಚಿಸೋದು ಅಂತ... ಎರಡು ತಿಂಗಳ ಹಿಂದೆ ಒಂದ್ಸಲ ಗೇಟು ತೆರೆದಿದ್ದಾಗ ಓಡಿಹೋಗಿದ್ದ. ಮೈಯೆಲ್ಲ ಗಾಯ ಮಾಡ್ಕೊಂಡು ಬಂದ. ಅದೊಂದೇ ಸಲ."

ಪಿತ್ತ ನೆತ್ತಿಗೇರಿತು. ಆ ಹೆಂಗಸಿನ ಕೂದಲು ಹಿಡಿದು ಎಳೆಯಬೇಕೆನ್ನಿಸಿತು. ಅಷ್ಟರಲ್ಲಿ ಆಕೆಯ ಮುಂಗೈ ಮೇಲೆ ಉದ್ದಕ್ಕೆ ಪರಚಿದ ಗುರುತು ಕಣ್ಣಿಗೆ ಬಿತ್ತು. ಸಿಟ್ಟು ಎಲ್ಲಿ ಹೋಯಿತೋ, ಬರೀ ಹೆದರಿಕೆ ಉಳಿಯಿತು. "ನೀವೂ ಇವತ್ತೇ ಆಸ್ಪತ್ರೆಗೆ ಹೋಗಿ," ಎಂದೆ. ಆಕೆ ತನ್ನ ಕೈಯನ್ನು ಮೊದಲ ಸಲ ನೋಡುವಂತೆ ನೋಡಿಕೊಂಡರು.

ಗೇಟಿಗೆ ವಾಪಸು ಬಂದಾಗ ನನ್ನ ಗಂಡ ಕೇಳಿದರು, "ಇದಾನಾ?" ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು "ಓ" ಎಂದರು, ಅಷ್ಟೆ.

ಆಸ್ಪತ್ರೆಯಲ್ಲಿ ತೋಳಿಗೊಂದು ಸೂಜಿ ಕೊಟ್ಟರು. ಗಾಯದ ಸುತ್ತಲೂ ಹಲವು ಸೂಜಿ ಚುಚ್ಚಿದರು. ಮತ್ತೆ ಬುಧವಾರ, ಆಮೇಲೆ ಮುಂದಿನ ಭಾನುವಾರ, ಹೀಗೆ ಇನ್ನೂ ಕೆಲವು ಎಂದರು. ಡಾಕ್ಟರು ಬೈಯಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ತಡ ಆಗಿದೆ. ಆದ್ರೂ ಔಷಧಿ ಮುಂದೆ ಓಡುತ್ತೋ, ರೇಬಿಸ್ ಮುಂದೆ ಓಡುತ್ತೋ ನೋಡೋಣ. ಗಾಯದ ಹತ್ರ ಜುಮ್ಮೆನ್ನೋದು, ಕಡಿತ, ಜ್ವರ, ನೀರು ನುಂಗೋಕೆ ಕಷ್ಟ, ಇವೆಲ್ಲ ರೋಗ ಶುರುವಾದ ಗುರುತು. ಇದ್ರಲ್ಲಿ ಒಂದು ಕಂಡ್ರೂ ಓಡಿ ಬನ್ನಿ. ಮುಚ್ಚಿಡಬೇಡಿ," ಎಂದರು.

ಆ ಏಳು ದಿನ ನಾನು ನಿದ್ದೆ ಎಂಬುದನ್ನು ಕಾಣಲಿಲ್ಲ. ಅವರು ನೀರಿನ ಲೋಟ ಎತ್ತಿದಾಗಲೆಲ್ಲ ಅವರ ಗಂಟಲನ್ನೇ ನೋಡುತ್ತಿದ್ದೆ. ಗುಟುಕು ಇಳಿದ ಮೇಲೆಯೇ ನನ್ನ ಉಸಿರು ಇಳಿಯುತ್ತಿತ್ತು. ತಂಗಿ ಗುಂಪಿನಲ್ಲಿ 'ಹುಲಿ ಹೇಗಿದೆ?' ಎಂದು ಕೇಳಿದಳು. ನಾನು ಗುಂಪಿನಿಂದಲೇ ಹೊರಬಂದೆ. ಹಗಲೆಲ್ಲ ಅವರನ್ನು "ಏನಾದ್ರೂ ಆಗ್ತಿದ್ಯಾ?" ಎಂದು ಪೀಡಿಸಿದೆ. ಪ್ರತಿಸಲವೂ "ಆರಾಮಾಗಿದೀನಿ ಕಣೆ" ಎಂದೇ ಹೇಳಿದರು.

ಭಾನುವಾರ ಮೂರನೆಯ ಸೂಜಿ. ಡಾಕ್ಟರು ಗಾಯ ಒತ್ತಿ ನೋಡಿದರು. "ಜುಮ್ಮೆನ್ನೋದು, ಕಡಿತ, ಏನಾದ್ರೂ ಇದ್ಯಾ?"

ನನ್ನ ಗಂಡ ಡಾಕ್ಟರನ್ನು ನೋಡಲಿಲ್ಲ. ನನ್ನ ಮುಖ ನೋಡಿದರು. ಆಮೇಲೆ ಮೀಸೆಯಡಿಯಲ್ಲಿ ನಕ್ಕು, "ಛೇ, ಎಂಥದೂ ಇಲ್ಲ ಡಾಕ್ಟ್ರೇ," ಎಂದರು. ಪ್ಯಾಂಟಿನ ಕಾಲು ಇಳಿಸಿಕೊಂಡ ಅವರ ಕೈ ಮಾತ್ರ ಅಲ್ಲಿಂದ ಬರಲಿಲ್ಲ. ಬಟ್ಟೆಯ ಮೇಲಿಂದಲೇ ಮೀನಖಂಡವನ್ನು ಮೆಲ್ಲಗೆ, ಬಿಡದೆ, ಉಜ್ಜುತ್ತಿತ್ತು.

"ನಾನು ನಗಲ್ಲ ರೀ," ಎಂದೆ. "ಹೇಳಿ."

ಅವರ ಕೈ ನಿಂತಿತು. ತಲೆ ಎತ್ತದೆ, "ಶುಕ್ರವಾರದಿಂದ ಇದೆ ಕಣೆ," ಎಂದರು.