ನಾಯಿ ಕಾದ ಕೂಲಿ

ಮೊದಲು ಹೋದದ್ದು ಹೇಜಲ್‌ನ ಕಿವಿ. ಆ ಮುದಿ ಲ್ಯಾಬ್ರಡಾರ್ ತನ್ನ ಬಟ್ಟಲು ಬಿಟ್ಟು ಇನ್ನೊಂದು ನಾಯಿ ಡೀಸೆಲ್‌ನ ಬಟ್ಟಲಿನತ್ತ ಮೂತಿ ಚಾಚಿತ್ತು, ಅಷ್ಟೇ. ಡೀಸೆಲ್ ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಕಿವಿಯನ್ನು ಹರಿದು ಉಗುಳಿ ಗಂಟಲಿಗೆ ಬಾಯಿ ಹಾಕಿತು. ಹೇಜಲ್ ಕಿರುಚಿದ್ದು ನಾಯಿ ಕಿರುಚಿದ ಹಾಗಿರಲಿಲ್ಲ. ಹಳೆಯ ಬಸ್ಸು ಬ್ರೇಕು ಹಾಕಿದ ಹಾಗಿತ್ತು.

ನಾನು ಡೀಸೆಲ್‌ನ ಕೊರಳಪಟ್ಟಿ ಹಿಡಿದು ಎಳೆದೆ. ಅದು ತಿರುಗಿತು. ನನ್ನ ಎಡಗೈ ಅದರ ಬಾಯೊಳಗೆ ಹೋಯಿತು. ನೋವಿಗಿಂತ ಮೊದಲು ತಿಳಿದದ್ದು ಬಿಸಿ. ಆಮೇಲೆ ಅದು ಒದ್ದೆ ಬಟ್ಟೆ ಕೊಡವುವ ಹಾಗೆ ತಲೆ ಒದರತೊಡಗಿತು. ಸ್ಕೋಗ್ ದಂಪತಿಗಳ ಅಡುಗೆಮನೆಯ ನೆಲದ ಮೇಲೆ ನಾನು ನನ್ನದೇ ರಕ್ತದಲ್ಲಿ ಅತ್ತಿಂದಿತ್ತ ಜಾರಿದೆ. ಹಿಂಬಾಗಿಲಿನ ಪಕ್ಕದಲ್ಲಿ ಹಿಮ ಎತ್ತುವ ಸಲಿಕೆ ಇತ್ತು. ಕಾಲಿನಿಂದ ಕೆಡವಿ ಬಲಗೈಗೆ ತೆಗೆದುಕೊಂಡೆ.

ಹೊಡೆದೆ. ಮತ್ತೆ ಹೊಡೆದೆ. ಅದರ ಪಕ್ಕೆಯೊಳಗೆ ಏನೋ ಲಟಕ್ಕೆಂದಿತು, ಬಾಯಿ ಸಡಿಲವಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಗ್ಯಾರೇಜಿನೊಳಕ್ಕೆ ಅದನ್ನು ಅಟ್ಟಿ ಬಾಗಿಲು ಹಾಕುವವರೆಗೂ ಹೊಡೆಯುತ್ತಲೇ ಇದ್ದೆ, ಮತ್ತು ಪ್ರತಿ ಏಟಿಗೂ ನನ್ನೊಳಗೆ ಯಾರಿಗೋ ಹಾಯೆನಿಸುತ್ತಿತ್ತು. ಹಿಂದಿರುಗಿದಾಗ ಹೇಜಲ್ ತೆವಳಿಕೊಂಡು ಬಂದು ನನ್ನ ಬೂಟಿನ ಮೇಲೆ ತಲೆಯಿಟ್ಟಿತು. ಬಾಲ ಒಮ್ಮೆ ನೆಲಕ್ಕೆ ಬಡಿಯಿತು. ಆಮೇಲೆ ಇಲ್ಲ.

ಇದಾದದ್ದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ ಶನಿವಾರ ಬೆಳಿಗ್ಗೆ. ಬುಧವಾರ ಪಕ್ಕದ ಮನೆಯ ಮಿಸೆಸ್ ಲವಾನ್ ಸ್ಕೋಗ್ ಬೀಗದ ಕೈ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಗಂಡ ಹೆಂಡತಿ ಫಾರ್ಗೊ ನಗರದಲ್ಲಿರುವ ತಂಗಿಯ ಮನೆಗೆ ಹೊರಟಿದ್ದರು.

"ಹೇಜಲ್ ಬಗ್ಗೆ ನಿಂಗೆ ಗೊತ್ತೇ ಇದೆ, ಬ್ರಿಟ. ಡೀಸೆಲ್ ಮಾತ್ರ ಊಟದ ಹೊತ್ನಲ್ಲಿ ಸ್ವಲ್ಪ ಬೇರೆ ಥರ," ಎಂದರು.

"ಪರವಾಗಿಲ್ಲ ಬಿಡಿ."

"ನಿಂಗೇನು ಕೊಡ್ಲಿ ಹೇಳು."

"ಅಯ್ಯೋ, ಏನೂ ಬೇಡ."

"ಹಾಗಂದ್ರೆ ಹೇಗೆ? ನಾಲ್ಕು ದಿನ ಕಣೇ."

"ಪಕ್ಕದ ಮನೆ ತಾನೆ? ಬೇಡ."

ನಮ್ಮಲ್ಲಿ ಎರಡು ಸಲ ಬೇಡವೆನ್ನಬೇಕು. ಮೂರನೇ ಸಲ ಕೇಳಿದಾಗ ತಲೆ ತಗ್ಗಿಸಿ "ನೀವು ಕೊಟ್ಟಷ್ಟು" ಎನ್ನಬೇಕು. ಊಟದ ಮುಂಚಿನ ಪ್ರಾರ್ಥನೆಯ ಜೊತೆಗೇ ಅಮ್ಮ ಇದನ್ನೂ ಕಲಿಸಿದ್ದಳು. ಆದರೆ ಮೂರನೇ ಪ್ರಶ್ನೆ ಬರಲೇ ಇಲ್ಲ. ಪಿಕಪ್ ಗಾಡಿಯಲ್ಲಿ ಕುಳಿತಿದ್ದ ಗಂಡ ಡ್ವೇನ್ ಸ್ಕೋಗ್ ಹಾರ್ನ್ ಒತ್ತಿದರು. ಮಿಸೆಸ್ ಸ್ಕೋಗ್ ಓಡಿದರು.

ನಮ್ಮಲ್ಲಿ ಯಾರೂ ಯಾವುದನ್ನೂ ಕೆಟ್ಟದ್ದು ಎನ್ನುವುದಿಲ್ಲ. ಚರ್ಚಿನ ಊಟಕ್ಕೆ ಯಾರೋ ತಂದದ್ದು ಬಾಯಿಗಿಡಲಾಗದಂತಿದ್ದರೆ ಅದು "ಬೇರೆ ಥರ ಇದೆ". ಹೆಂಡತಿಯ ಹಲ್ಲು ಉದುರಿಸಿದ ದೋಣಿ ರಿಪೇರಿಯವನು "ಸ್ವಲ್ಪ ಬೇರೆ ಥರದವನು". ಈ ಊರಲ್ಲೇ ಹುಟ್ಟಿ ಹದಿನೈದು ವರ್ಷ ಬೆಳೆದವಳು ನಾನು. ಆ ಮಾತು ಕಿವಿಗೆ ಬಿದ್ದೊಡನೆ ಬೀಗದ ಕೈ ವಾಪಸು ಕೊಡಬೇಕಿತ್ತು. ಆದರೆ ನಾನು ಆಗ ಮೂರನೇ ಪ್ರಶ್ನೆಗೆ ಕಾಯುತ್ತಿದ್ದೆ.

ಆಸ್ಪತ್ರೆಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಹೊಲಿಗೆ ಬಿತ್ತು. ನರ್ಸು ಕೇಳಿದಳು, "ಯಾರ ನಾಯಿ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಅದನ್ನಿನ್ನೂ ವಿಚಾರಿಸ್ಬೇಕು," ಎಂದಳು.

"ವಿಚಾರಿಸಿ ಮತ್ತೆ. ಯಾರ್ದು ಅಂತ ಗೊತ್ತಾದ್ರೆ ಹತ್ತು ದಿನ ಕಟ್ಟಿಹಾಕಿ ನೋಡ್ತಾರೆ. ಬದುಕಿದ್ರೆ ರೇಬೀಸ್ ಇಲ್ಲ ಅಂತ ಲೆಕ್ಕ. ಗೊತ್ತಾಗ್ದೇ ಹೋದ್ರೆ ನಾಳೆಯಿಂದ ಇವಳಿಗೆ ಸೂಜಿ. ಮೊದಲನೇದನ್ನ ಗಾಯದೊಳಕ್ಕೇ ಚುಚ್ಚೋದು."

ಕಾರಿನಲ್ಲಿ ನಾನು, "ಯಾಕಮ್ಮಾ ಹಾಗಂದೆ?" ಎಂದೆ.

"ಲವಾನ್ ಮಗನ್ನ ಕಳ್ಕೊಂಡು ಇನ್ನೂ ವರ್ಷ ಆಗಿಲ್ಲ ಕಣೇ. ಅವರು ಬರ್ಲಿ. ಅವರ ಬಾಯಿಂದಾನೇ ಬರ್ಲಿ."

ಡೀಸೆಲ್ ಅವರ ಮಗ ಟ್ರೆವರ್‌ನ ನಾಯಿ. ಟ್ರೆವರ್ ಕಳೆದ ಚಳಿಗಾಲ ಹಿಮದ ಮೇಲೋಡುವ ಸ್ನೋಮೊಬೈಲ್ ಸಮೇತ ಸರೋವರದ ಮಂಜುಗಡ್ಡೆ ಒಡೆದು ಒಳಗೆ ಹೋಗಿದ್ದ. ಆಮೇಲೆ ಆ ನಾಯಿಗೆ ಯಾರೂ ಚುಚ್ಚುಮದ್ದು ಹಾಕಿಸಿರಲಿಲ್ಲ. ಊಟ ಹಾಕುವುದೇ ಅವರ ಕೈಲಾಗುತ್ತಿದ್ದ ಕೆಲಸ.

ಸುದ್ದಿ ತಿಳಿದು ಸ್ಕೋಗ್ ದಂಪತಿ ಮಧ್ಯಾಹ್ನವೇ ಹಿಂದಿರುಗಿದರು. ಹೇಜಲನ್ನು ಹೂತು ನಮ್ಮ ಮನೆಗೆ ಬಂದರು. ಡ್ವೇನ್ ಅವರ ಪ್ಯಾಂಟಿನ ಮಂಡಿಗಳಲ್ಲಿ ಮಣ್ಣು, ರಕ್ತ. ಅಮ್ಮ ಕಾಫಿ ಬಗ್ಗಿಸಿದಳು. ಯಾರೂ ನನ್ನ ಕೈ ನೋಡಲಿಲ್ಲ. ರಸ್ತೆಯ ಬಗ್ಗೆ, ಗಾಳಿಯ ಬಗ್ಗೆ ಮಾತಾಡಿದರು. ಕೊನೆಗೆ ಮಿಸೆಸ್ ಸ್ಕೋಗ್ ಮೇಜಿನ ಮೇಲೆ ಒಂದು ಲಕೋಟೆ ಇಟ್ಟರು.

"ಬ್ರಿಟಂಗೆ."

"ಅಯ್ಯೋ ಬೇಡ ಲವಾನ್," ಎಂದಳು ಅಮ್ಮ.

"ಇರ್ಲಿ, ತಗೊಳ್ಳಿ."

"ಖಂಡಿತ ಬೇಡಪ್ಪ."

ನಾನು ಲಕೋಟೆ ಎಳೆದುಕೊಂಡು ಹಲ್ಲಿನಲ್ಲಿ ಹರಿದು ಮೇಜಿನ ಮೇಲೆ ಸುರಿದೆ. ಆ ಅಡುಗೆಮನೆಯಲ್ಲಿ ಅಂಥದ್ದನ್ನು ಯಾರೂ ಮಾಡಿರಲಿಲ್ಲ. ಅಮ್ಮ "ಬ್ರಿಟ!" ಎಂದಳು, ನಾನು ಬಟ್ಟೆ ಬಿಚ್ಚಿ ನಿಂತೆನೋ ಎಂಬಂತೆ. ನೂರರ ಐದು ನೋಟು.

"ಅದು ಕಚ್ಚದೇ ಇದ್ದಿದ್ರೆ ಎಷ್ಟು ಕೊಡ್ತಿದ್ರಿ?" ಎಂದು ಕೇಳಿದೆ.

ಮಿಸೆಸ್ ಸ್ಕೋಗ್ ಗಂಡನ ಮುಖ ನೋಡಿದರು. "ದಿನಕ್ಕೆ ಇಪ್ಪತ್ತು ಅಂದ್ಕೊಂಡಿದ್ವಿ."

"ಹಾಗಾದ್ರೆ ಎಂಬತ್ತು. ಮಿಕ್ಕಿದ್ದು ಯಾತಕ್ಕೆ?"

ಡ್ವೇನ್ ಕಪ್ಪಿನೊಳಗೆ ನೋಡುತ್ತಿದ್ದರು. ಮಿಸೆಸ್ ಸ್ಕೋಗ್ ಮೇಜಿನ ಮೇಲಿನ ಲಕೋಟೆಯ ತುಣುಕುಗಳನ್ನು ಬೆರಳಿನಿಂದ ಒಟ್ಟುಮಾಡುತ್ತ ಹೇಳಿದರು, "ಯಾವ್ದೋ ಬೀದಿನಾಯಿ ಅಂದ್ಬಿಟ್ರೆ... ಅವನು ಬೇಸಿಗೇಲಿ ಅಂಚೆಯವನ ಕಾಲಿಗೆ ಬಾಯಿ ಹಾಕಿದ್ದ. ಇನ್ನೊಂದ್ಸಲ ಕಚ್ಚಿದ್ರೆ ಉಳಿಸಲ್ಲ ಅಂತ ಷೆರಿಫ್ ಕಡೆಯವ್ರು ಬರ್ಕೊಟ್ಟಿದಾರೆ. ಟ್ರೆವರ್‌ದು ಅಂತ ಉಸಿರಾಡೋದು ನಮ್ಮತ್ರ ಅವನೊಬ್ನೇ, ಬ್ರಿಟ."

ನಾನು ಬ್ಯಾಂಡೇಜು ಬಿಚ್ಚತೊಡಗಿದೆ. ಒಣಗಿದ ರಕ್ತಕ್ಕೆ ಅಂಟಿಕೊಂಡಿದ್ದ ಕಡೆ ಕಿತ್ತೆ. ಕಾಫಿ ಕಪ್ಪುಗಳ ನಡುವೆ ಕೈಯನ್ನು ಮಲಗಿಸಿದೆ. ಅದು ನನಗೇ ಯಾವುದೋ ಮಾಂಸದಂಗಡಿಯದೆಂಬಂತೆ ಕಂಡಿತು.

"ಬೀದಿನಾಯಿ ಅಂದ್ರೆ ಇದರೊಳಗೆ ಸೂಜಿ ಹಾಕ್ತಾರೆ. ನೀವು ಹೇಳಿ, ಯಾವ ನಾಯಿ?"

ಮಿಸೆಸ್ ಸ್ಕೋಗ್ ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. "ಡೀಸೆಲ್," ಎಂದರು. "ನಮ್ಮ ಡೀಸೆಲ್ ಕಚ್ಚಿದ್ದು. ಕಚ್ತಾನೆ ಅಂತ ನಂಗೆ ಗೊತ್ತಿತ್ತು."

ಅಮ್ಮ ಎದ್ದಳು. ಷೆರಿಫ್ ಕಚೇರಿಗೆ ಫೋನು ಮಾಡಿ, ಯಾರ ಕಡೆಗೂ ತಿರುಗದೆ, ನಾಯಿಯ ಹೆಸರು, ಯಜಮಾನರ ಹೆಸರು, ಮನೆ ನಂಬರು ಎಲ್ಲ ಬಿಡಿಸಿ ಬಿಡಿಸಿ ಹೇಳಿದಳು. ಅವಳ ಕುತ್ತಿಗೆ ಕೆಂಪಾಗಿತ್ತು.

ಡ್ವೇನ್ ಎರಡೂ ತೊಡೆ ತಟ್ಟಿಕೊಂಡು, "ಸರಿ ಹಾಗಾದ್ರೆ," ಎಂದರು. ನಮ್ಮಲ್ಲಿ ಎಲ್ಲರೂ ಹೊರಡುವುದು ಹಾಗೆಯೇ. ಹೆಂಡತಿ ಏಳಲಿಲ್ಲ. ಬಾಗಿಲ ಬಳಿ ನಿಂತು ಡ್ವೇನ್ ಹೇಳಿದರು, "ಟ್ರೆವರ್ ನಾಯೀನ ಯಾರೋ ಬಂದು ಕೊರಳಿಗೆ ಕುಣಿಕೆ ಹಾಕಿ ಎಳ್ಕೊಂಡು ಹೋಗೋದು ಬೇಡ. ನಾನೇ ಮುಗಿಸ್ತೀನಿ. ಹೇಜಲ್ ಪಕ್ಕದಲ್ಲೇ ಹೂಳ್ತೀನಿ."

ಕಿಟಕಿಯಿಂದ ಕಂಡೆ: ಪಿಕಪ್‌ನ ಸೀಟಿನ ಹಿಂದಿನಿಂದ ಜಿಂಕೆ ಬೇಟೆಯ ಕೋವಿ ತೆಗೆದರು. ಹೂತುಬಿಟ್ಟರೆ ಕಟ್ಟಿಹಾಕಿ ನೋಡುವುದಕ್ಕೆ ನಾಯಿಯೇ ಇರುವುದಿಲ್ಲ. ಕಾಲುಚೀಲದಲ್ಲೇ ಓಡಿದೆ. ಹಿಂದಿನಿಂದ ಅಮ್ಮ ಕೂಗುತ್ತಿದ್ದಳು. ಡ್ವೇನ್‌ಗಿಂತ ಮೊದಲು ಗ್ಯಾರೇಜಿನ ಬಾಗಿಲು ಮುಟ್ಟಿ ಅದಕ್ಕೆ ಬೆನ್ನು ಕೊಟ್ಟು ನಿಂತೆ. ಒಳಗಿಂದ ಡೀಸೆಲ್ ತನ್ನಿಡೀ ಮೈಯನ್ನು ಬಾಗಿಲಿಗೆ ಅಪ್ಪಳಿಸಿತು. ತಗಡು ನನ್ನ ಬೆನ್ನಿಗೆ ಗುದ್ದಿತು.

"ಸರ್ಕೋ, ಬ್ರಿಟ."

"ಇಲ್ಲ."

"ನಮ್ಮ ಹೇಜಲ್‌ನ ಕೊಂದ ಅವನು."

"ಕೊಂದ. ನಾನೂ ಅವನನ್ನ ಕೊಲ್ತಿದ್ದೆ, ಸಲಿಕೆ ಇನ್ನೊಂಚೂರು ಭಾರ ಇದ್ದಿದ್ರೆ. ಆದ್ರೆ ಈಗ ಅವನು ಹತ್ತು ದಿನ ಬದುಕಿರ್ಬೇಕು. ನನ್ನ ಕೈಗೋಸ್ಕರ."

"ಸರ್ಕೋ ಅಂದೆ!" ಆ ಮನುಷ್ಯ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ, ಮಗನ ಶವಪೆಟ್ಟಿಗೆಯ ಮುಂದೆಯೂ ಕೂಗಿರಲಿಲ್ಲ. ಕೋವಿಯ ಬಾಯಿ ನನ್ನ ಹೊಟ್ಟೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಗುರಿಯಿಟ್ಟಿದ್ದರೆಂದಲ್ಲ. ಅದು ತಮ್ಮ ಕೈಯಲ್ಲಿದೆ ಎಂಬುದನ್ನೇ ಮರೆತಿದ್ದರು. ನಾಯಿ ಮತ್ತೆ ಗುದ್ದಿತು. ನನ್ನ ಕೈಯ ಹೊಲಿಗೆಯೊಂದು ಬಿಚ್ಚಿಕೊಂಡಿತು. ಬೆರಳ ತುದಿಯಿಂದ ರಕ್ತ ಹಿಮದ ಮೇಲೆ ಬೀಳತೊಡಗಿತು.

ಆಗ ನನ್ನ ಬಾಯಿಂದ ಬಂತು: "ಮಿಸ್ಟರ್ ಸ್ಕೋಗ್, ಷೆರಿಫ್ ಕಡೆಯವ್ರು ಬರೋವರೆಗೂ ನಾನು ನಿಮ್ಮ ನಾಯಿ ಕಾಯ್ತೀನಿ. ಗಂಟೆಗೆ ಐವತ್ತು ಡಾಲರ್."

"ಏನಂದೆ?"

"ಐವತ್ತು. ಮೊದ್ಲೇ ಕೊಡ್ಬೇಕು."

ಅವರು ನಕ್ಕರು. ಕೆಮ್ಮಿನಂಥ ನಗು. ಅದು ನಿಲ್ಲಲೇ ಇಲ್ಲ. ಮೈಯೆಲ್ಲ ಅಲುಗಾಡಿಸಿ, ಹೊಟ್ಟೆಯಿಂದ ಏನನ್ನೋ ಕಿತ್ತುಕೊಂಡು ಬಂದು, ನಗುವಾಗಿ ಉಳಿಯಲಿಲ್ಲ. ಹಿಮದಲ್ಲಿ ಮಂಡಿಯೂರಿದರು. ಕೋವಿಯಿಂದ ತೋಟಾಗಳನ್ನು ಒಂದೊಂದಾಗಿ ಹೊರಗೆ ಉರುಳಿಸಿದರು. ಮೂಗು ಒರೆಸಿಕೊಂಡು ಪರ್ಸು ತೆಗೆದರು.

"ನಲವತ್ತೇಳೇ ಇರೋದು," ಎಂದರು.

"ಮೂರು ಆಮೇಲೆ ಕೊಡಿ."

ನೋಟುಗಳನ್ನು ರಕ್ತವಿಲ್ಲದ ಕೈಯಲ್ಲಿ ಇಸಿದುಕೊಂಡೆ. ಒಂದು ಸಲವೂ ಬೇಡವೆನ್ನಲಿಲ್ಲ. ಒಳಗಿಂದ ಡೀಸೆಲ್ ಮತ್ತೆ ಅಪ್ಪಳಿಸಿತು. ನಾನು ಹಿಮ್ಮಡಿಯೆತ್ತಿ, ಇದ್ದ ಬಲವನ್ನೆಲ್ಲ ಹಾಕಿ, ಪ್ರತಿಯಾಗಿ ಬಾಗಿಲಿಗೆ ಒದ್ದೆ.