ಕೂತು ದುಡಿಯುವವರು

"ಏನೇ ಅದು, ಒಂದು ಕುಂಡೆ ಸ್ಟೂಲಿನ ಮೇಲೆ, ಇನ್ನೊಂದು ಗಾಳೀಲಿ? ಹಾರಿ ಹೋಗೋಕೆ ಹೊರಟಿದ್ದೀಯಾ? ನೆಟ್ಟಗೆ ಕೂತು ಹೊಲಿಯೇ, ಮುಂಡೆ."

ಗಾರ್ಮೆಂಟ್ಸ್ ಕಾರ್ಖಾನೆಯ ಸೂಪರ್‌ವೈಸರ್ ಇದನ್ನು ಇಡೀ ಹೊಲಿಗೆ ಹಾಲಿಗೆ ಕೇಳುವಂತೆ ಹೇಳಿದ. ಕೊರಳಲ್ಲಿ ಸದಾ ಸೀಟಿ ನೇತುಹಾಕಿಕೊಂಡಿರುತ್ತಿದ್ದ ಅವನಿಗೆ ಹೆಂಗಸರು ಬೆನ್ನ ಹಿಂದೆ ಇಟ್ಟ ಹೆಸರೂ ಸೀಟಿ. ಬೈಸಿಕೊಂಡವಳು ಅಂಗಿಗಳಿಗೆ ಕಾಲರ್ ಹೊಲಿಯುವವಳು, ಎಲ್ಲರ ಬಾಯಲ್ಲಿ ಕಾಲರಕ್ಕ. ಅವಳು ಹಲ್ಲು ಕಚ್ಚಿಕೊಂಡು ನೆಟ್ಟಗೆ ಕೂತಳು. ಕೆಂಡದ ಮೇಲೆ ಕೂತಂತಾಯಿತು. ಕಣ್ಣಲ್ಲಿ ನೀರು ಬಂದರೂ ಕೈ ನಿಲ್ಲಲಿಲ್ಲ. ಕಾಲರುಗಳು ಒಂದರ ಹಿಂದೊಂದು ಬುಟ್ಟಿಗೆ ಬೀಳುತ್ತಲೇ ಇದ್ದವು.

ಹಾಲಿನ ಕೊನೆಯಲ್ಲಿ ಕಕ್ಕಸು. ಹೆಂಗಸರು ಒಳಗೆ ಹೋಗಿ ಹರಟೆ ಹೊಡೆಯುತ್ತಾರೆಂದು ಮಾಲೀಕ ಅದಕ್ಕೆ ಬೀಗ ಹಾಕಿಸಿದ್ದ. ಬೀಗದ ಕೈ ಸೀಟಿಯ ಸೊಂಟದಲ್ಲಿ. ಹೋಗಬೇಕೆಂದವಳು ಅವನ ಮೇಜಿನ ಮುಂದೆ ನಿಲ್ಲಬೇಕು. ಅವನು ಗಟ್ಟಿಯಾಗಿ "ಒಂದಕ್ಕೋ, ಎರಡಕ್ಕೋ?" ಎಂದು ಕೇಳುತ್ತಿದ್ದ. ಒಂದಕ್ಕೆ ಎಂದರೆ ಮುಖ ಸಿಂಡರಿಸಿ ಕೊಡುತ್ತಿದ್ದ. ಎರಡಕ್ಕೆ ಎಂದರೆ, "ಮನೇಲಿ ಮುಗಿಸ್ಕೊಂಡು ಬರೋಕೆ ಏನು ಧಾಡಿ?" ಎಂದು ವಾಪಸು ಕಳಿಸುತ್ತಿದ್ದ. ಪದೇ ಪದೇ ಎದ್ದಳೆಂದು ತೋಳು ಹೊಲಿಯುವವಳೊಬ್ಬಳನ್ನು ಗೇಟಿನಾಚೆ ಹಾಕಿದ್ದೂ ಆಗಿತ್ತು. ಹಾಗಾಗಿ ಹೆಂಗಸರು ಬೆಳಗ್ಗಿನಿಂದ ಒಂದು ತೊಟ್ಟೂ ನೀರು ಮುಟ್ಟುತ್ತಿರಲಿಲ್ಲ. ಬಂದದ್ದನ್ನು ತಡೆದುಕೊಳ್ಳುತ್ತಿದ್ದರು. ಒಣ ಬ್ರೆಡ್ಡು ತಿಂದು, ಸಂಜೆಯವರೆಗೆ ಸ್ಟೂಲಿಗೆ ಅಂಟಿಕೊಂಡಿದ್ದು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ತಿಣುಕುತ್ತಿದ್ದರು.

ಕಾಲರಕ್ಕನ ಗಂಡ ಬ್ಯಾಂಕಿನ ಬಾಗಿಲು ಕಾಯುವವನು. ಹೆಂಡತಿ ಗೋಡೆಗೆ ಒರಗಿ ನಿಂತೇ ಊಟ ಮಾಡುವುದನ್ನು ನೋಡಿ ಅವನಿಗೆ ಅನುಮಾನ ಬಂತು, ಕೇಳಿ ಕೇಳಿ ಬಾಯಿ ಬಿಡಿಸಿದ.

"ನಾನು ದಿನವಿಡೀ ನಿಂತು ಕಾಲು ಊದಿಸ್ಕೊಂಡೆ, ನೀನು ದಿನವಿಡೀ ಕೂತು ತಳ ಕೆಡಿಸ್ಕೊಂಡೆ. ನಮ್ಮಿಬ್ಬರನ್ನೂ ಕಲಸಿದ್ರೆ ಒಬ್ಬ ಗಟ್ಟಿ ಮನುಷ್ಯ ಆಗ್ಬೋದೇನೋ ಕಣೆ," ಅಂದ.

"ಕಲಸ್ತಾ ಇರಿ. ನಂಗೆ ಉರಿ ಬೀಳ್ತಾ ಇದೆ," ಎಂದು ಅವಳು ಅಳುವಿನ ನಡುವೆಯೇ ನಕ್ಕಳು. ಮಾರನೆಯ ಬೆಳಿಗ್ಗೆ ಅವನೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರಮ್ಮ ನೋಡಿ, ಕೈ ತೊಳೆದುಕೊಂಡು ಬಂದು ಕೂತರು. "ಮೂಲವ್ಯಾಧಿ. ಹೆದರ್ಬೇಡಿ, ಮುಲಾಮು ಕೊಡ್ತೀನಿ. ಆದ್ರೆ ನೀರು ಚೆನ್ನಾಗಿ ಕುಡೀಬೇಕು. ಸೊಪ್ಪು, ತರಕಾರಿ, ಹಣ್ಣು ತಿನ್ನಬೇಕು. ಬಂದಾಗ ತಡೀಬಾರ್ದು, ತಿಣುಕ್ಬಾರ್ದು. ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡ್ಬೇಕು. ರಕ್ತ ನಿಲ್ದೇ ಇದ್ರೆ ತಿರುಗಿ ಬನ್ನಿ."

"ಮುಲಾಮು ಇಲ್ಲಿ ಸಿಗುತ್ತೆ ಅಮ್ಮ. ಎದ್ದು ಓಡಾಡೋದು ಯಾವ ಅಂಗಡೀಲಿ ಸಿಗುತ್ತೆ?" ಎಂದಳು ಕಾಲರಕ್ಕ.

ಡಾಕ್ಟರಮ್ಮ ಮುಲಾಮಿನ ಚೀಟಿ ಬರೆದು ಕೈಗಿಟ್ಟರು. ಅವರ ಬಾಗಿಲಾಚೆ ಸಾಲು ಬೆಳೆಯುತ್ತಿತ್ತು.

ಆ ಮಧ್ಯಾಹ್ನ ಊಟದ ಹೊತ್ತಿಗೆ ಕಾರ್ಖಾನೆಯ ಮೆಟ್ಟಿಲ ಮೇಲೆ ಹೆಂಗಸರೆಲ್ಲ ಕೂತಿದ್ದರು, ಕಾಲರಕ್ಕ ಮಾತ್ರ ನಿಂತಿದ್ದಳು. "ಯಾಕೆ, ನೆಲ ಕಚ್ಚುತ್ತಾ?" ಎಂದು ಕೇಳಿದವಳು ಗುಂಡಿ ಅಜ್ಜಿ. ಅಂಗಿಗಳಿಗೆ ಗುಂಡಿ ಹಾಕುತ್ತಲೇ ತಲೆ ನೆರೆದವಳು, ಬಾಯಿಗೆ ಬೀಗವಿಲ್ಲದವಳು. ಕಾಲರಕ್ಕ ನಾಚಿಕೆ ನುಂಗಿಕೊಂಡು ಹೇಳಿಬಿಟ್ಟಳು. ಆಮೇಲೆ ಜೇಬು ಹೊಲಿಯುವವಳು ತಲೆ ಬಗ್ಗಿಸಿಕೊಂಡು, "ನಂಗೂ ಇದೆ ಅಕ್ಕ," ಎಂದಳು.

"ನಿಂಗೂನಾ?"

"ಹೆರಿಗೆ ಆದಾಗಿಂದ."

"ಥೂ ನಿಮ್ಮ, ನಾನೊಬ್ಬಳೇ ಪಾಪಿ ಅನ್ಕೊಂಡಿದ್ದೆ," ಎಂದಳು ಗುಂಡಿಯ ತೂತಿಗೆ ಕಾಜು ಹೊಲಿಯುವವಳು.

ಗುಂಡಿ ಅಜ್ಜಿ ಕೈಯಲ್ಲಿದ್ದ ಬ್ರೆಡ್ಡು ಕೆಳಗಿಟ್ಟಳು. "ನಂದು ನಿಮಗಿಂತ ಹಳೇದು ಕಣ್ರೇ. ನಂಗೆ ಮೊದಲು ಮರ್ಯಾದೆ ಕೊಡಿ."

ಮೆಟ್ಟಿಲ ಮೇಲೆ ನಗು ಎದ್ದಿತು. ಇಷ್ಟು ವರ್ಷ ಒಬ್ಬೊಬ್ಬಳೂ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದ ನೋವು ಎಲ್ಲರದೂ ಎಂದು ತಿಳಿದಾಗ, ಅದರ ಭಾರವೇ ಅರ್ಧ ಇಳಿದುಹೋಯಿತು. ನಗುತ್ತಲೇ ನಲ್ಲಿಯ ಹತ್ತಿರ ಹೋಗಿ, ಕೈಯೊಡ್ಡಿ, ಹೊಟ್ಟೆ ತುಂಬ ನೀರು ಕುಡಿದರು.

ಹೊಟ್ಟೆ ಸುಮ್ಮನಿರುತ್ತದೆಯೇ? ಯಂತ್ರಗಳು ಶುರುವಾದ ಸ್ವಲ್ಪ ಹೊತ್ತಿಗೇ ಕಾಲರಕ್ಕ ಎದ್ದು ಮೇಜಿನ ಮುಂದೆ ನಿಂತಳು. ಸೀಟಿ ಕ್ರೀಮು ಬನ್ನು ತಿನ್ನುತ್ತಿದ್ದ.

"ಒಂದಕ್ಕೋ, ಎರಡಕ್ಕೋ?"

"ಎರಡಕ್ಕೆ."

"ಮನೇಲಿ ಏನು ಕಿಸೀತಿದ್ದೆ?"

ಅವಳಿಗೆ ಗೇಟಿನಾಚೆ ಹಾಕಿಸಿಕೊಂಡ ತೋಳಿನವಳ ನೆನಪಾಯಿತು. ಆದರೂ ಅವನಷ್ಟೇ ಗಟ್ಟಿಯಾಗಿ ಹೇಳಿದಳು: "ಕೇಳಿದಿರಲ್ಲ, ಹೇಳ್ತೀನಿ ಸಾರ್. ಮನೇಲಿ ತಿಣುಕಿದೆ. ಕಲ್ಲಿನ ಹಾಗೆ ಬಂತು. ಹಿಂದೇನೇ ರಕ್ತ ತೊಟ್ಟಿಕ್ತು. ಗೋಡಂಬಿಯಷ್ಟು ಒಂದು ಗಂಟು ಹೊರಗೆ ಬಂದಿತ್ತು, ಬೆರಳಲ್ಲಿ ಒಳಗೆ ತಳ್ಳಿಕೊಂಡು ಕೆಲಸಕ್ಕೆ ಬಂದೆ. ಮಿಕ್ಕಿದ್ದು ಈಗ ಬರ್ತಾ ಇದೆ."

ಸೀಟಿಯ ಬಾಯಲ್ಲಿದ್ದ ಬನ್ನು ಅಲ್ಲೇ ನಿಂತಿತು. "ಸಾಕು, ಸಾಕು ಬಾಯಿ ಮುಚ್ಚೇ."

ಅಷ್ಟರಲ್ಲಿ ಗುಂಡಿ ಅಜ್ಜಿಯೂ ಬಂದು ನಿಂತಿದ್ದಳು. "ನಂದು ದ್ರಾಕ್ಷಿ ಗೊಂಚಲು ಸಾಮಿ. ಬಾಯಲ್ಲಿ ಹೇಳಿದ್ರೆ ನಂಬಲ್ವೇನೋ. ತೋರಿಸ್ಲಾ?"

ಅವಳ ಕೈ ಸೀರೆಯ ನೆರಿಗೆಗೆ ಹೋದದ್ದೇ ತಡ, ಸೀಟಿ ಕುರ್ಚಿಯಿಂದ ಹಾರಿ ಗೋಡೆಗೆ ಅಂಟಿಕೊಂಡ. ಹಿಂದೆ ಜೇಬಿನವಳು, ಕಾಜಿನವಳು, ಅವರ ಹಿಂದೆ ಮತ್ತಷ್ಟು ಜನ. ಯಂತ್ರಗಳು ಒಂದೊಂದಾಗಿ ನಿಂತವು. ಸೀಟಿ ಊದಲು ಹೋದ. ಗಂಟಲಲ್ಲಿ ಬನ್ನು ಸಿಕ್ಕಿಕೊಂಡು ಗಾಳಿಯಷ್ಟೇ ಹೊರಟಿತು. ಕಡೆಗೆ ಬೀಗದ ಕೈ ಬಿಚ್ಚಿ ಮೇಜಿನ ಮೇಲೆ ಬಿಸಾಕಿದ. "ಹೋಗಿ ಸಾಯ್ರೇ, ಗಲೀಜು ಮುಂಡೇವಾ."

ಕಾಲರಕ್ಕ ಹೋಗಿ ಬೀಗ ತೆರೆದಳು. ಕೈಯಲ್ಲಿ ಹಿಡಿದು ಒಂದು ಕ್ಷಣ ನೋಡಿದಳು. ಕಿಟಕಿಯ ಹತ್ತಿರ ಹೋಗಿ ಬೀಗ, ಬೀಗದ ಕೈ ಎರಡನ್ನೂ ಹೊರಗಿನ ಚರಂಡಿಗೆ ಎಸೆದಳು. ಕಪ್ಪು ನೀರು ಗುಳುಂ ಎಂದಿತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನಿಮ್ಮನ್ನೆಲ್ಲ ಇವತ್ತೇ ಮನೆಗೆ ಕಳಿಸ್ತೀನಿ ನೋಡ್ತಿರಿ," ಎಂದು ಸೀಟಿ ಮಾಲೀಕನಿಗೆ ಫೋನು ಹಚ್ಚಿದ. ಅವಸರದಲ್ಲಿ ಸ್ಪೀಕರ್ ಒತ್ತಿಹೋಯಿತು.

"ಸಾರ್, ಇಲ್ಲಿ ಹೆಂಗಸರು ಕೆಲಸ ನಿಲ್ಲಿಸಿದಾರೆ ಸಾರ್. ಬೀಗ ಎಸೆದುಬಿಟ್ರು. ಇವರಿಗೆಲ್ಲ ಅದು... ಅದೇನೋ ಆಗಿದೆಯಂತೆ."

"ಏನಯ್ಯಾ ಆಗಿದೆ? ಸರಿಯಾಗಿ ಹೇಳು," ಎಂದಿತು ಫೋನು.

ಸೀಟಿ ತಡವರಿಸಿದ. ಕಕ್ಕಸಿನ ಮುಂದೆ ಸಾಲು ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಡೀ ಹಾಲು ಒಂದೇ ದನಿಯಲ್ಲಿ ಹೇಳಿತು: "ಮೂಲವ್ಯಾಧಿ."

ಗುಂಡಿ ಅಜ್ಜಿ ಸಾಲು ಬಿಟ್ಟು ಬಂದು ಫೋನಿಗೆ ಬಾಗಿದಳು.

"ಕೇಳಿಸ್ತಾ ಸಾಮಿ? ನೀವು ಇಲ್ಲಿಗೇ ಬನ್ನಿ, ಒಬ್ಬೊಬ್ಬರೇ ವಿವರವಾಗಿ ಹೇಳ್ತೀವಿ."