ಮೂರನೆಯ ಸಾಲಿನ ಎಳೆತ

ನಮ್ಮ ಚರ್ಚಿನ ಬಲಿಪೂಜೆಯಲ್ಲಿ ಗುರುಗಳು ರೊಟ್ಟಿ ಮುರಿಯುವಾಗ ಹಾಡುವ ಗೀತೆಗೆ ನಾನು ರಾಗ ಕಟ್ಟಿದ್ದು, ಮೂರು ಕೀಗಳು ಮೂಕವಾಗಿದ್ದ ಹಳೆಯ ಆರ್ಗನ್ನಿನ ಮೇಲೆ. ಆ ಮೂರು ಸ್ವರಗಳನ್ನು ಎಲ್ಲಿಯೂ ಮುಟ್ಟದೆ, ಆದರೂ ಕೇಳುವವರಿಗೆ ಕೊರತೆ ಕಾಣದಂತೆ ರಾಗ ಸಾಗಬೇಕಿತ್ತು. ಸ್ವರಲಿಪಿಯ ಗಂಧಗಾಳಿಯೂ ಇಲ್ಲದ ಗಾಯಕರಿಗೆ ನಾಲ್ಕು ದನಿಗಳನ್ನು ಬಾಯಿಪಾಠ ಮಾಡಿಸುವಷ್ಟರಲ್ಲಿ ನನ್ನ ಗಂಟಲೇ ಕಟ್ಟಿಹೋಯಿತು. ಅದನ್ನು ಮೊದಲ ಬಾರಿ ಹಾಡಿದ ಭಾನುವಾರ, ಪೂಜೆ ಮುಗಿಸಿದ ಗುರುಗಳು ಗಾಯಕರ ಮಹಡಿಯನ್ನು ಹತ್ತಿ ಬಂದು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. ಅವರ ಕೈ ನಡುಗುತ್ತಿತ್ತು. ಸಂತೋಷಕ್ಕೆ ಎಂದು ನಾನು ತಿಳಿದೆ.

ಗೀತೆಗೆ ಮೂರು ಸಾಲು. ಮೊದಲೆರಡರಲ್ಲಿ ದಯೆಯ ಬೇಡಿಕೆ, ಮೂರನೆಯದರಲ್ಲಿ ಶಾಂತಿಯದು. ಆ ‘ಶಾಂತಿ’ ಎಂಬ ಮಾತು ಎಳೆದಾಡದೆ ಚೊಕ್ಕವಾಗಿ ನಿಲ್ಲುವಂತೆ ನಾನು ರಾಗ ಕಟ್ಟಿದ್ದೆ. ಆದರೆ ಕೆಲವೇ ವರ್ಷಗಳಲ್ಲಿ ಗಾಯಕರು ಅದನ್ನು ಎಳೆಯತೊಡಗಿದರು. ಆರ್ಗನ್ ಬಾರಿಸುವವನು ಬಲಿಪೀಠಕ್ಕೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂರಬೇಕಾಗಿತ್ತು. ನಾನು ಕೈ ತೆಗೆದ ಮೇಲೂ ಬೆನ್ನ ಹಿಂದೆ ‘ಶಾಂತಿ’ ಹರಿಯುತ್ತಲೇ ಇರುತ್ತಿತ್ತು. ಬೈದೆ, ಬೇಡಿಕೊಂಡೆ. ಅಭ್ಯಾಸದಲ್ಲಿ ಸರಿಯಾಗಿ ಹಾಡುವರು. ಪೂಜೆಯಲ್ಲಿ ಮತ್ತೆ ಅದೇ ಕಥೆ.

ಗುರುಗಳು ತೀರಿಕೊಂಡರು. ಮಂಡಿನೋವು ನನ್ನನ್ನು ಮೆಟ್ಟಿಲಿನಿಂದ ದೂರವಿಟ್ಟಿತು. ಮೊಮ್ಮಗಳು ಗಾನವೃಂದವನ್ನು ನಡೆಸತೊಡಗಿದಳು. ಎಳೆತ ಮಾತ್ರ ಉಳಿಯಿತು. ಕಣ್ಣು ಮುಚ್ಚುವ ಮೊದಲು ಒಮ್ಮೆಯಾದರೂ ನನ್ನ ಗೀತೆಯನ್ನು ನಾನು ಕಟ್ಟಿದಂತೆಯೇ ಕೇಳಬೇಕೆಂಬುದು ನನ್ನ ಒಂದೇ ಆಸೆಯಾಗಿತ್ತು.

“ಆಯ್ತು ತಾತ, ಈ ಭಾನುವಾರ ನಿಮ್ಮ ಥರಾನೇ,” ಎಂದಳು ಮೊಮ್ಮಗಳು. “ಆದ್ರೆ ಕೆಳಗೆ ಕೂತು ಗುರಾಯಿಸ್ಬೇಡಿ. ನಿಮ್ಮ ನೋಟ ಮಹಡಿವರೆಗೂ ಮುಟ್ಟುತ್ತೆ.”

ಭಾನುವಾರ ಹೆಂಡತಿಯ ಪಕ್ಕದಲ್ಲಿ, ಬಲಿಪೀಠಕ್ಕೆ ಎದುರಾಗಿ ಕುಳಿತೆ. ಹೊಸ ಗುರುಗಳು ಯುವಕರು. ರೊಟ್ಟಿಯನ್ನು ಒಂದೇ ಬಾರಿಗೆ ಮುರಿದು, ಚಿಕ್ಕ ಚೂರೊಂದನ್ನು ಪಾತ್ರೆಗೆ ಹಾಕಿ ಕೈ ಜೋಡಿಸಿದರು. ಮಹಡಿಯ ದನಿಗಳು ‘ಶಾಂತಿ’ ಎಂದು ಚೊಕ್ಕವಾಗಿ ನಿಂತವು. ನನ್ನ ಎದೆ ಉಬ್ಬಿತು. ಆದರೆ ಬೆಂಚುಗಳಲ್ಲಿದ್ದ ಜನ ನಿಲ್ಲಲಿಲ್ಲ. ಪಕ್ಕದಲ್ಲಿ ನನ್ನ ಹೆಂಡತಿ, ಬಲಿಪೀಠದಿಂದ ಕಣ್ಣು ಕೀಳದೆ, ಎಳೆಯುತ್ತಲೇ ಇದ್ದಳು. ಇನ್ನೊಂದು ದನಿ ತೀರಾ ಹತ್ತಿರದಿಂದ ಕೇಳಿತು. ಅದು ನನ್ನದೇ.

ಹೊರಗೆ ಬಂದೊಡನೆ, “ನೀನೂ ಎಳೆದೆಯಲ್ಲೇ!” ಎಂದೆ.

“ನೀವೇನು ಕಡಿಮೆ ಎಳೆದ್ರಾ?” ಎಂದಳು ಹೆಂಡತಿ. “ಆಗ ನೀವು ಗೋಡೆ ನೋಡ್ಕೊಂಡು ಬಾರಿಸ್ತಿದ್ರಿ. ನಾವು ಹಾಡೋರು ಗುರುಗಳನ್ನ ನೋಡ್ತಿದ್ವಿ. ಆ ನಡುಗೋ ಕೈಲಿ ರೊಟ್ಟಿ ಮುರಿಯೋಕೆ ಪಾಪ ಅವರಿಗೆ ಆಗ್ತಿರ್ಲಿಲ್ಲ. ಎಲ್ಲರೂ ಸುಮ್ಮನಾಗಿ, ಅವರೊಬ್ಬರೇ ಒದ್ದಾಡೋದು ಬೇಡ ಅಂತ, ಮುರಿಯೋವರೆಗೂ ಹಾಡ್ತಿದ್ವಿ.”

“ನನಗೆ ಒಂದು ಮಾತು ಹೇಳಬಾರದಿತ್ತೇ?”

“ಹೇಳೋಕೆ ಬಿಟ್ರೆ ತಾನೆ, ರೀ! ಎಳೀಬೇಡಿ, ಎಳೀಬೇಡಿ ಅಂತ ತೈತಕ್ಕ ಕುಣೀತಿದ್ರಲ್ಲ.”

ಗುರುಗಳಿಲ್ಲ, ನಡುಗುವ ಕೈಯಿಲ್ಲ. ಇಂದು ಎಳೆದವರಲ್ಲಿ ಎಷ್ಟೋ ಮಂದಿ ಅವರನ್ನು ಕಂಡವರೂ ಅಲ್ಲ. ಹಾಗಾದರೆ ಇವರು ಯಾರಿಗಾಗಿ ಕಾಯುತ್ತಾರೆ? ಕಾರಣ ತಿಳಿಯದ ಕಾಯುವಿಕೆ ಬರೀ ರೂಢಿಯೋ, ಪ್ರಾರ್ಥನೆಯೋ? ಎಳೆತವನ್ನು ಜೀವಮಾನವಿಡೀ ದ್ವೇಷಿಸಿದ ನನ್ನ ಗಂಟಲು ಅದನ್ನು ಯಾವಾಗ ಕಲಿಯಿತು? ಮೊದಲ ಭಾನುವಾರ ನನ್ನ ಕೈ ಹಿಡಿದಿದ್ದ ಆ ನಡುಕ ಸಂತೋಷದ್ದಾಗಿತ್ತೋ, ಆಗಲೇ ಹಿಡಿದಿದ್ದ ಕಾಯಿಲೆಯದೋ? ನನ್ನ ಪಾಲಿನ ಏಕೈಕ ಬಿರುದು ಅದು. ಅದರ ಅರ್ಥವೇ ಈಗ ನನಗೆ ತಿಳಿಯದಾಯಿತು.

ಮೆಟ್ಟಿಲಿಳಿದು ಬಂದ ಮೊಮ್ಮಗಳು ಅಜ್ಜಿಯ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು.

“ಮುಂದಿನ ವಾರ ಯಾವ ಥರ ಹಾಡಿಸ್ಲಿ, ತಾತ?”

ನಾನು ನನ್ನ ಅಂಗೈಗಳನ್ನೇ ನೋಡುತ್ತ ನಿಂತೆ. ಅವಳು ಅವನ್ನು ತನ್ನ ಕೈಗಳಲ್ಲಿ ತೆಗೆದುಕೊಂಡಳು.

“ಆ ಮೊದಲ ಭಾನುವಾರದ್ದು ಇನ್ನೊಂದ್ಸಲ ಹೇಳಿ,” ಎಂದಳು. “ನೂರು ಸಲ ಕೇಳಿದ್ದೀನಿ, ಪರವಾಗಿಲ್ಲ. ಗುರುಗಳು ಹೀಗೆ ಹಿಡ್ಕೊಂಡ್ರಲ್ಲ, ಅಲ್ಲಿಂದ ಹೇಳಿ.”